ಹಾಲಿನ ಉದ್ದಿಮೆ, ಹಾಲಿನ ವ್ಯಾಪಾರ: ಯಾವ ಕೆಲಸ ಯಾವ ಇಲಾಖೆಯದು?



ಸಂಘಗಳ ವಾರ್ಷಿಕ ಮಹಾಸಭೆಗಳಲ್ಲಿ ತಪ್ಪದೆ ಕೇಳಿಬರುವ ಒಂದು ಮಾತುಂಟು: "ಇದಕ್ಕೆಲ್ಲ ಸರ್ಕಾರ ಏನು ಮಾಡುತ್ತಿದೆ?" ಹಾಲಿನ ಪುಡಿಯ ದರ ಕುಸಿದಾಗಲೂ ಇದೇ ಪ್ರಶ್ನೆ, ಹಸುಗಳಿಗೆ ಕಾಲುಬಾಯಿ ರೋಗ ತಗುಲಿದಾಗಲೂ ಇದೇ ಪ್ರಶ್ನೆ, ಸಂಘದ ಲೆಕ್ಕದಲ್ಲಿ ವ್ಯತ್ಯಾಸ ಕಂಡಾಗಲೂ ಇದೇ ಪ್ರಶ್ನೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಮೂರು ದೂರುಗಳು ಹೋಗಬೇಕಾದ ಕಚೇರಿಗಳು ಮೂರು; ಅವುಗಳಲ್ಲಿ ಒಂದು ದೆಹಲಿಯಲ್ಲಿದೆ, ಒಂದು ನಿಮ್ಮ ಹೋಬಳಿಯಲ್ಲೇ ಇದೆ, ಇನ್ನೊಂದು ತಾಲ್ಲೂಕು ಅಥವಾ ಉಪವಿಭಾಗದ ಮಟ್ಟದಲ್ಲಿದೆ. ಇದು ತಿಳಿಯದೆ ಅದೆಷ್ಟೋ ಸದಸ್ಯರು ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಸಂಬಂಧವಿಲ್ಲದ ಕಚೇರಿಯ ಬೆಂಚಿನ ಮೇಲೆ ಕುಳಿತು ವಾಪಸು ಬರುತ್ತಾರೆ. ಆದ್ದರಿಂದ ಹಾಲು ಎಂಬ ಒಂದೇ ಪದಾರ್ಥದ ಉತ್ಪಾದನೆ, ಉದ್ದಿಮೆ ಮತ್ತು ವ್ಯಾಪಾರದ ಹೊಣೆ ಸರ್ಕಾರದ ಇಲಾಖೆಗಳ ನಡುವೆ ಹೇಗೆ ಹಂಚಿಹೋಗಿದೆ, ಹಾಗೆ ಹಂಚಿದ್ದರಿಂದ ನಮಗಾದ ಲಾಭ ನಷ್ಟಗಳೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ಮೂಲ ಹಂಚಿಕೆ ಎಲ್ಲಿದೆ?

ಮೊದಲನೆಯ ಹಂಚಿಕೆ ಸಂವಿಧಾನದಲ್ಲೇ ಇದೆ. ಅದರ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ. ಜಾನುವಾರು ತಳಿಯ ರಕ್ಷಣೆ, ಅಭಿವೃದ್ಧಿ ಮತ್ತು ಪಶುವೈದ್ಯಕೀಯ ರಾಜ್ಯ ಪಟ್ಟಿಯಲ್ಲಿವೆ. ಸಹಕಾರ ಸಂಘಗಳೂ ರಾಜ್ಯ ಪಟ್ಟಿಯಲ್ಲೇ ಇವೆ. ರಾಜ್ಯದೊಳಗಿನ ವ್ಯಾಪಾರ, ಉದ್ದಿಮೆ ಇವೂ ರಾಜ್ಯಕ್ಕೆ ಸೇರಿದವು. ಆದರೆ ಇವೆರಡಕ್ಕೂ ಒಂದೊಂದು ಬಾಲಂಗೋಚಿ ಇದೆ. ಸಾರ್ವಜನಿಕ ಹಿತಕ್ಕಾಗಿ ಕೇಂದ್ರದ ಹತೋಟಿಯಲ್ಲಿರಬೇಕು ಎಂದು ಸಂಸತ್ತು ಕಾನೂನಿನ ಮೂಲಕ ಘೋಷಿಸಿದ ಉದ್ದಿಮೆ ಕೇಂದ್ರಕ್ಕೆ ಹೋಗುತ್ತದೆ. ವಿದೇಶ ವ್ಯಾಪಾರ, ಆಮದು ಸುಂಕ ಮತ್ತು ರಾಜ್ಯ ರಾಜ್ಯಗಳ ನಡುವಣ ವ್ಯಾಪಾರ ಕೇಂದ್ರದವು. ಆಹಾರ ಕಲಬೆರಕೆ ಮತ್ತು ಬೆಲೆ ನಿಯಂತ್ರಣ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಇಬ್ಬರಿಗೂ ಅಧಿಕಾರವುಂಟು.

ನಮ್ಮವರಿಗೆ ಕುತೂಹಲವೆನಿಸುವ ಸಂಗತಿಯೊಂದು ಸಮವರ್ತಿ ಪಟ್ಟಿಯ 33ನೇ ನಮೂದಿನಲ್ಲಿದೆ. 1954ರ ಮೂರನೇ ತಿದ್ದುಪಡಿಯ ಮೂಲಕ ಆಹಾರ ಪದಾರ್ಥಗಳ ಜೊತೆಗೆ ದನದ ಮೇವನ್ನೂ, ಅದರಲ್ಲಿ ಹಿಂಡಿ ಮತ್ತು ಇತರ ಸಾಂದ್ರ ಆಹಾರವನ್ನೂ ಅಲ್ಲಿ ಸೇರಿಸಲಾಯಿತು. ನೀವು ಬೆಳಿಗ್ಗೆ ಕಲಸಿಡುವ ಕಡಲೆಕಾಯಿ ಹಿಂಡಿಯ ವ್ಯಾಪಾರದ ಬಗ್ಗೆ ದೆಹಲಿ ಮತ್ತು ಬೆಂಗಳೂರು ಎರಡೂ ಕಾನೂನು ಮಾಡಬಹುದೆಂದು ದೇಶದ ಸಂವಿಧಾನವೇ ಹೇಳುತ್ತದೆ! ಇದೇ ನಮೂದಿನ ಬಲದ ಮೇಲೆ 1955ರ ಅಗತ್ಯ ವಸ್ತುಗಳ ಕಾಯ್ದೆ ಬಂದಿತು. ಮುಂದೆ ಹಾಲಿನ ಕಥೆಯಲ್ಲಿ ಈ ಕಾಯ್ದೆ ಒಂದು ಮುಖ್ಯ ಪಾತ್ರ ವಹಿಸಿತು. ಅದನ್ನು ಆಮೇಲೆ ನೋಡೋಣ.

ಎರಡನೆಯ ಹಂಚಿಕೆ ಇಲಾಖೆಗಳ ನಡುವಿನದು. ಕೇಂದ್ರದಲ್ಲಿ ಸಂವಿಧಾನದ 77ನೇ ಅನುಚ್ಛೇದದ ಕೆಳಗೆ 1961ರ ಕಾರ್ಯ ಹಂಚಿಕೆ ನಿಯಮಗಳಿವೆ. ನಮ್ಮ ರಾಜ್ಯದಲ್ಲಿ 166ನೇ ಅನುಚ್ಛೇದದ ಕೆಳಗೆ 1977ರ ಕಾರ್ಯ ಹಂಚಿಕೆ ನಿಯಮಗಳಿವೆ. ಯಾವ ವಿಷಯದ ಕಡತ ಯಾವ ಇಲಾಖೆಯಲ್ಲಿ ತೆರೆಯಬೇಕು ಎಂದು ಹೇಳುವ ಪುಸ್ತಕ ಇದು. ಮಂತ್ರಿಗಳು ಬದಲಾದಾಗ, ಹೊಸ ಸಚಿವಾಲಯ ಹುಟ್ಟಿದಾಗ ಈ ನಿಯಮಗಳಿಗೆ ತಿದ್ದುಪಡಿ ಆಗುತ್ತದೆ. ಸಂಸತ್ತಿನಲ್ಲಿ ಮಸೂದೆ ತರುವ ಅಗತ್ಯವಿಲ್ಲ. ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿಯಾಗಿ ಬಂದು ಹೋಗುವ ಈ ತಿದ್ದುಪಡಿಗಳು ಎಷ್ಟೋ ವೇಳೆ ದೊಡ್ಡ ಕಾಯ್ದೆಗಳಿಗಿಂತ ಹೆಚ್ಚು ಪರಿಣಾಮ ಬೀರುತ್ತವೆ.

ಉದಾಹರಣೆಗೆ ಹೈನುಗಾರಿಕೆಯ ವಿಷಯವನ್ನೇ ತೆಗೆದುಕೊಳ್ಳಿ. ಇದು ಬಹುಕಾಲ ಕೇಂದ್ರ ಕೃಷಿ ಇಲಾಖೆಯ ಒಳಗಿನ ಒಂದು ವಿಭಾಗವಾಗಿತ್ತು. 1991ರಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಗೆ ಪ್ರತ್ಯೇಕ ಇಲಾಖೆಯಾಯಿತು, ಆದರೂ ಕೃಷಿ ಸಚಿವಾಲಯದ ಮನೆಯೊಳಗೇ ಉಳಿಯಿತು. 2019ರಲ್ಲಿ ಮೀನುಗಾರಿಕೆ, ಪಶುಸಂಗೋಪನೆ ಮತ್ತು ಹೈನುಗಾರಿಕೆ ಎಂಬ ಸ್ವತಂತ್ರ ಸಚಿವಾಲಯ ರಚನೆಯಾಯಿತು. ಆಹಾರ ಸಂಸ್ಕರಣಾ ಉದ್ದಿಮೆಗೆ 1988ರಲ್ಲೇ ಬೇರೆ ಸಚಿವಾಲಯ ಸ್ಥಾಪನೆಯಾಗಿತ್ತು. ಕೃಷಿಯ ಜೊತೆಯಲ್ಲೇ ಇದ್ದ ಸಹಕಾರ ವಿಷಯವನ್ನು 2021ರ ಜುಲೈನಲ್ಲಿ ಪ್ರತ್ಯೇಕಿಸಿ ಸಹಕಾರ ಸಚಿವಾಲಯವನ್ನು ಸ್ಥಾಪಿಸಲಾಯಿತು. ಹೀಗೆ ಒಂದು ಕಾಲಕ್ಕೆ ಒಂದೇ ಸೂರಿನಡಿ ಇದ್ದ ಹಸು ಮತ್ತು ಸಹಕಾರ ಇಂದು ಎರಡು ಮನೆ.

ಉದ್ದಿಮೆ ಬೇರೆ, ವ್ಯಾಪಾರ ಬೇರೆ

ಕೇಂದ್ರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಹೆಸರನ್ನು ನೀವು ಕೇಳಿರುತ್ತೀರಿ. ಹೆಸರು ಒಂದಾದರೂ ಒಳಗೆ ಇಲಾಖೆ ಎರಡು. ವಾಣಿಜ್ಯ ಇಲಾಖೆ ನೋಡುವುದು ವಿದೇಶ ವ್ಯಾಪಾರ: ರಫ್ತು, ಆಮದು, ಬೇರೆ ದೇಶಗಳೊಡನೆ ಒಪ್ಪಂದ. ಇನ್ನೊಂದು ಇಲಾಖೆ ನೋಡುವುದು ಕೈಗಾರಿಕಾ ನೀತಿ. ಈ ಎರಡನೆಯ ಇಲಾಖೆಗೆ 2019ರ ಜನವರಿಯಲ್ಲಿ ಹೆಸರು ಬದಲಾಗಿ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ ಎಂದಾಯಿತು. ಅಲ್ಲಿಯವರೆಗೆ ಆಂತರಿಕ ವ್ಯಾಪಾರದ ವಿಷಯ ಗ್ರಾಹಕ ವ್ಯವಹಾರಗಳ ಇಲಾಖೆಯಲ್ಲಿತ್ತು. ಆದರೆ ತೂಕ ಮತ್ತು ಅಳತೆ ಗ್ರಾಹಕ ವ್ಯವಹಾರಗಳ ಇಲಾಖೆಯಲ್ಲೇ ಉಳಿಯಿತು.

ಇಷ್ಟೊಂದು ಒಡೆದು ಹಂಚುವುದೇಕೆ ಎಂದು ನೀವು ಕೇಳಬಹುದು. ಒಂದು ಕಾರಣ ಸರಳವಾಗಿದೆ. ಉದ್ದಿಮೆ ಬೆಳೆಯಲಿ ಎಂದು ಬೆನ್ನು ತಟ್ಟುವವರು ಮತ್ತು ಅದೇ ಉದ್ದಿಮೆಯ ತಪ್ಪು ಹಿಡಿದು ದಂಡ ಹಾಕುವವರು ಒಬ್ಬರೇ ಆಗಿರಬಾರದು. ನಿಮ್ಮ ಸಂಘದಲ್ಲಿ ಕಾರ್ಯದರ್ಶಿ ಬರೆದ ಲೆಕ್ಕವನ್ನು ಕಾರ್ಯದರ್ಶಿಯೇ ತಪಾಸಣೆ ಮಾಡಬಾರದೆಂದು ಹೊರಗಿನ ಲೆಕ್ಕಪರಿಶೋಧಕರನ್ನು ಇಡುವುದಿಲ್ಲವೇ? ಅದೇ ನ್ಯಾಯ ಇಲ್ಲಿಯೂ. ಹಾಲಿನ ಉತ್ಪಾದನೆ ಹೆಚ್ಚಿಸುವ ಹೊಣೆ ಪಶುಸಂಗೋಪನೆಗೆ, ಹಾಲಿನ ಗುಣಮಟ್ಟ ಪರೀಕ್ಷಿಸುವ ಹೊಣೆ ಆರೋಗ್ಯ ಇಲಾಖೆಗೆ, ಪೊಟ್ಟಣದಲ್ಲಿ ಅರ್ಧ ಲೀಟರ್ ಇದೆಯೇ ಎಂದು ನೋಡುವ ಹೊಣೆ ಮಾಪನ ಇಲಾಖೆಗೆ. ಈ ಮಟ್ಟಿಗೆ ಹಂಚಿಕೆ ಒಳ್ಳೆಯದೇ.

ತೊಂದರೆ ಬರುವುದು ಇನ್ನೊಂದು ಕಡೆಯಿಂದ. ಹಾಲಿನ ಬೆಲೆಯನ್ನು ನಿಜವಾಗಿ ನಿರ್ಧರಿಸುವ ಕೆಲವು ತೀರ್ಮಾನಗಳು ಹೈನುಗಾರನ ಪರವಾಗಿ ಮಾತನಾಡುವ ಇಲಾಖೆಯ ಕೈಯಲ್ಲಿಲ್ಲ. ಇದಕ್ಕೆ ಮೂರು ನಿದರ್ಶನಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಪರವಾನಗಿ ಹೋಯಿತು, ಆದೇಶ ಬಂದಿತು

1951ರ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆಯ ಅನುಸೂಚಿಯಲ್ಲಿ ಹಾಲಿನ ಆಹಾರಗಳೂ ಸೇರಿದ್ದವು. ಅಂದರೆ ದೊಡ್ಡ ಪ್ರಮಾಣದ ಹಾಲಿನ ಕಾರ್ಖಾನೆ ಹಾಕಬೇಕಾದರೆ ಕೇಂದ್ರ ಕೈಗಾರಿಕಾ ಇಲಾಖೆಯ ಪರವಾನಗಿ ಬೇಕಾಗಿತ್ತು. ಸಹಕಾರ ಸಂಘಗಳು ಕಷ್ಟಪಟ್ಟು ಕಟ್ಟಿದ ಹಾಲು ಸಂಗ್ರಹಣಾ ಪ್ರದೇಶಗಳಿಗೆ ಈ ಪರವಾನಗಿ ಪದ್ಧತಿ ಪರೋಕ್ಷವಾಗಿ ಬೇಲಿಯಂತಿತ್ತು. 1991ರ ಜುಲೈ 24ರಂದು ಪ್ರಕಟವಾದ ಹೊಸ ಕೈಗಾರಿಕಾ ನೀತಿ ಬಹುತೇಕ ಉದ್ದಿಮೆಗಳಿಗೆ ಪರವಾನಗಿಯನ್ನೇ ತೆಗೆದುಹಾಕಿತು. ಹಾಲೂ ಅದರಲ್ಲಿ ಬಂತು. ಆ ನೀತಿಯನ್ನು ರೂಪಿಸಿದವರ ಮುಂದೆ ಉಕ್ಕು, ಸಿಮೆಂಟು, ಯಂತ್ರೋದ್ಯಮ ಇದ್ದವು. ಎರಡು ಹಸು ಕಟ್ಟಿದ ರೈತ ಅವರ ಲೆಕ್ಕದಲ್ಲಿ ಇದ್ದನೆಂದು ಹೇಳುವುದು ಕಷ್ಟ.

ಸಹಕಾರ ವಲಯದಲ್ಲಿ ಆತಂಕ ಎದ್ದಿತು. ಆಗ ಕೇಂದ್ರ ಸರ್ಕಾರ ಬೇರೊಂದು ಬಾಗಿಲಿನಿಂದ ಬಂದಿತು. 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ 1992ರ ಜೂನ್ 9ರಂದು ಹಾಲು ಮತ್ತು ಹಾಲಿನ ಉತ್ಪನ್ನಗಳ ಆದೇಶವನ್ನು ಹೊರಡಿಸಿತು. ದಿನಕ್ಕೆ 10,000 ಲೀಟರಿಗಿಂತ ಹೆಚ್ಚು ಹಾಲು, ಅಥವಾ ವರ್ಷಕ್ಕೆ 500 ಟನ್ನಿಗಿಂತ ಹೆಚ್ಚು ಹಾಲಿನ ಘನಾಂಶ ನಿರ್ವಹಿಸುವ ಘಟಕಗಳು ನೋಂದಣಿ ಮಾಡಿಸಬೇಕಾಯಿತು. ಹಾಲು ಸಂಗ್ರಹಿಸುವ ಪ್ರದೇಶವನ್ನೂ ಗೊತ್ತುಪಡಿಸಲಾಯಿತು. ಇದರ ಆಡಳಿತ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಗೆ ಬಂದಿತು. ಕೈಗಾರಿಕಾ ಇಲಾಖೆ ಬಿಟ್ಟ ಹಿಡಿತವನ್ನು ಹೈನು ಇಲಾಖೆ ಹಿಡಿದಂತಾಯಿತು.

ಆದರೆ ಇದೂ ಬಹಳ ಕಾಲ ನಿಲ್ಲಲಿಲ್ಲ. 2002ರ ಮಾರ್ಚ್ ತಿದ್ದುಪಡಿಯಲ್ಲಿ ಸಂಗ್ರಹಣಾ ಪ್ರದೇಶದ ಗೆರೆ ಅಳಿಸಿಹೋಯಿತು, ನೋಂದಣಿ ಕೇವಲ ನೈರ್ಮಲ್ಯ ಮತ್ತು ಗುಣಮಟ್ಟಕ್ಕೆ ಸೀಮಿತವಾಯಿತು. 2011ರ ಆಗಸ್ಟ್ 5ರಂದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದಾಗ ಆ ಆದೇಶ ಅದರಲ್ಲಿ ಲೀನವಾಯಿತು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಹಾಲಿನ ಕಾರ್ಖಾನೆಯ ಕಡತ ಕೈಗಾರಿಕೆಯಿಂದ ಹೈನುಗಾರಿಕೆಗೆ, ಅಲ್ಲಿಂದ ಆರೋಗ್ಯ ಸಚಿವಾಲಯಕ್ಕೆ ಹೋಯಿತು. ಇಲಾಖೆ ಬದಲಾದಂತೆ ಅದು ಕೇಳುವ ಪ್ರಶ್ನೆಯೂ ಬದಲಾಯಿತು. ಮೊದಲು "ಈ ಕಾರ್ಖಾನೆ ದೇಶಕ್ಕೆ ಬೇಕೇ?" ಎಂದು ಕೇಳುತ್ತಿದ್ದರು. ಆಮೇಲೆ "ಇಲ್ಲಿನ ಹಾಲು ಇನ್ನೊಬ್ಬರ ಪ್ರದೇಶದ್ದಲ್ಲವೇ?" ಎಂದು ಕೇಳಿದರು. ಈಗ ಕೇಳುವುದು "ಹಾಲು ಶುದ್ಧವಾಗಿದೆಯೇ?" ಎಂದು ಮಾತ್ರ. ನಮ್ಮ ಊರಿನ ಸಂಘದ ಎದುರಿಗೇ ಖಾಸಗಿ ಡೇರಿಯ ಸಂಗ್ರಹಣಾ ಕೇಂದ್ರ ತೆರೆದರೆ ಅದನ್ನು ತಡೆಯುವ ಕಚೇರಿ ಇಂದು ಯಾವುದೂ ಇಲ್ಲ. ಇದನ್ನು ತಿಳಿಯದೆ ಇಂದಿಗೂ ಕೆಲವರು ಅರ್ಜಿ ಹಿಡಿದು ಬರುತ್ತಾರೆ. ಸದಸ್ಯರು ಹಾಲನ್ನು ಸಂಘಕ್ಕೇ ಹಾಕುವಂತೆ ಸಂಘವನ್ನು ನಡೆಸುವುದೊಂದೇ ಇಲ್ಲಿರುವ ದಾರಿ.

ಪುಡಿಯ ಸುಂಕದ ಕಥೆ

ಬಹಳ ಹಿಂದೆ, ದೇಶದಲ್ಲಿ ಹಾಲಿನ ಕೊರತೆ ಇದ್ದ ಕಾಲದಲ್ಲಿ, ಭಾರತ ಗ್ಯಾಟ್ ಒಪ್ಪಂದದಲ್ಲಿ ಕೆನೆರಹಿತ ಹಾಲಿನ ಪುಡಿಗೆ ಆಮದು ಸುಂಕ ಹಾಕುವುದಿಲ್ಲವೆಂದು ಮಾತು ಕೊಟ್ಟಿತ್ತು. ಆಗ ಅದರಿಂದ ಯಾರಿಗೂ ಕಷ್ಟವಾಗಲಿಲ್ಲ, ಏಕೆಂದರೆ ಆಮದಿನ ಮೇಲೆ ಬೇರೆ ನಿರ್ಬಂಧಗಳಿದ್ದವು. 1995ರ ಜನವರಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದಾಗಲೂ ಆ ಸೊನ್ನೆ ಸುಂಕ ಹಾಗೆಯೇ ಮುಂದುವರಿಯಿತು. ಕ್ಷೀರಧಾರೆ ಯೋಜನೆ, ಅಂದರೆ ಆಪರೇಷನ್ ಫ್ಲಡ್, 1996ರಲ್ಲಿ ಮುಗಿಯುವ ವೇಳೆಗೆ ನಮ್ಮ ಸ್ಥಿತಿ ಪೂರ್ತಿ ಬದಲಾಗಿತ್ತು. ಕೊರತೆಯ ದೇಶ ಜಗತ್ತಿನ ಮೊದಲನೇ ಹಾಲು ಉತ್ಪಾದಕ ದೇಶವಾಗುವ ಹಂತದಲ್ಲಿತ್ತು. ಅತ್ತ ಆಮದು ನಿರ್ಬಂಧಗಳು ಸಡಿಲವಾಗುತ್ತ ಬಂದವು. ಯುರೋಪಿನಲ್ಲಿ ಸರ್ಕಾರದ ಸಹಾಯಧನ ಪಡೆದ ಪುಡಿ ಸುಂಕವಿಲ್ಲದೆ ನಮ್ಮ ಬಂದರುಗಳಿಗೆ ಬಂದಿಳಿಯತೊಡಗಿತು.

ಸುಂಕವನ್ನು ಏರಿಸಿಬಿಡಬಹುದಿತ್ತಲ್ಲ ಎಂದು ಅನಿಸಬಹುದು. ಹಾಗೆ ಮಾಡುವಂತಿರಲಿಲ್ಲ. ಕೊಟ್ಟ ಮಾತನ್ನು ಬದಲಿಸಬೇಕಾದರೆ ಗ್ಯಾಟ್ ಒಪ್ಪಂದದ 28ನೇ ಅನುಚ್ಛೇದದಂತೆ ಸಂಬಂಧಪಟ್ಟ ದೇಶಗಳೊಡನೆ ಮತ್ತೆ ಮಾತುಕತೆ ನಡೆಸಿ, ಬದಲಿಗೆ ಬೇರೆ ವಸ್ತುಗಳಲ್ಲಿ ರಿಯಾಯಿತಿ ಕೊಡಬೇಕು. ಆ ಮಾತುಕತೆ ನಡೆಸುವ ಅಧಿಕಾರ ವಾಣಿಜ್ಯ ಇಲಾಖೆಯದು. ಹೈನುಗಾರಿಕೆ ಇಲಾಖೆ ಟಿಪ್ಪಣಿ ಕಳಿಸಬಹುದು, ಅಷ್ಟೇ. ಕೊನೆಗೆ 2000ದ ವೇಳೆಗೆ ಈ ಮಾತುಕತೆ ಮುಗಿದು ಒಂದು ವ್ಯವಸ್ಥೆ ಬಂದಿತು: ವರ್ಷಕ್ಕೆ 10,000 ಟನ್ನಿನವರೆಗೆ ಶೇ. 15ರ ಸುಂಕ, ಅದಕ್ಕೆ ಮೇಲ್ಪಟ್ಟು ಶೇ. 60. ಈ ದರವನ್ನು ಅಧಿಸೂಚನೆಯ ಮೂಲಕ ಜಾರಿಗೊಳಿಸಿದ್ದು ಹಣಕಾಸು ಸಚಿವಾಲಯದ ಕಂದಾಯ ಇಲಾಖೆ. ಒಂದೇ ಸುಂಕಕ್ಕೆ ಮೂರು ಇಲಾಖೆ ಬೇಕಾಯಿತು ನೋಡಿ. ಈ ಶೇ. 60ರ ಗೋಡೆ ಇರುವುದರಿಂದಲೇ ನಮ್ಮ ಒಕ್ಕೂಟಗಳು ಹೆಚ್ಚುವರಿ ಹಾಲನ್ನು ಧೈರ್ಯವಾಗಿ ಪುಡಿ ಮಾಡಿಸಿ ಇಡಲು ಸಾಧ್ಯವಾಗಿದೆ.

ಇಲಾಖೆಗಳ ಕಣ್ಣು ಬೇರೆ ಬೇರೆ ದಿಕ್ಕಿಗೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ 2011ರ ಘಟನೆ ಸಾಕು. ಆ ವರ್ಷದ ಫೆಬ್ರವರಿಯಲ್ಲಿ ಹಾಲಿನ ಪುಡಿಯ ರಫ್ತನ್ನು ನಿಷೇಧಿಸಲಾಯಿತು. ಪೇಟೆಯಲ್ಲಿ ಹಾಲಿನ ಬೆಲೆ ಏರುತ್ತಿದೆ, ಗ್ರಾಹಕರಿಗೆ ಹೊರೆಯಾಗುತ್ತಿದೆ ಎಂಬುದು ಕಾರಣ. ಆದೇಶ ಬಂದದ್ದು ವಾಣಿಜ್ಯ ಇಲಾಖೆಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ. ಪುಡಿ ಹೊರಗೆ ಹೋಗದೆ ಗೋದಾಮುಗಳಲ್ಲಿ ದಾಸ್ತಾನು ಬೆಳೆಯಿತು. 2012ರ ಜೂನ್‌ನಲ್ಲಿ ನಿಷೇಧ ತೆಗೆದರು. ಗ್ರಾಹಕರ ಹಿತ ನೋಡುವುದು ತಪ್ಪೆಂದು ಹೇಳುತ್ತಿಲ್ಲ. ಆದರೆ ಒಂದು ಹಸು ಕರು ಹಾಕಿ ಹಾಲಿಗೆ ಬರಲು ಬೇಕಾಗುವ ಕಾಲ, ಒಂದು ಅಧಿಸೂಚನೆ ಟೈಪಾಗಲು ಬೇಕಾಗುವ ಕಾಲ ಇವೆರಡರ ಅಂತರ ಆದೇಶ ಬರೆಯುವವರಿಗೆ ನೆನಪಿರಬೇಕು.

2019ರಲ್ಲಿ ಚಿತ್ರ ಬೇರೆಯಾಯಿತು. ಹದಿನಾರು ದೇಶಗಳ ಪ್ರಾದೇಶಿಕ ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳೂ ಇದ್ದವು. ಮಾತುಕತೆ ವಾಣಿಜ್ಯ ಸಚಿವಾಲಯದ್ದು. ದೇಶದ ಎಲ್ಲೆಡೆ ಹಾಲು ಉತ್ಪಾದಕರು ಮತ್ತು ಸಹಕಾರಿಗಳು ವಿರೋಧ ವ್ಯಕ್ತಪಡಿಸಿದರು. ಆ ವರ್ಷದ ನವೆಂಬರ್ 4ರಂದು ಭಾರತ ಒಪ್ಪಂದಕ್ಕೆ ಸೇರದಿರಲು ತೀರ್ಮಾನಿಸಿತು. ಹಾಲು ಒಂದೇ ಕಾರಣವಲ್ಲವಾದರೂ ಮುಖ್ಯ ಕಾರಣಗಳಲ್ಲಿ ಒಂದು. 2025ರ ಜುಲೈನಲ್ಲಿ ಸಹಿಯಾದ ಬ್ರಿಟನ್ ಜೊತೆಗಿನ ಒಪ್ಪಂದದಲ್ಲೂ ಹೈನು ಪದಾರ್ಥಗಳಿಗೆ ಸುಂಕ ರಿಯಾಯಿತಿ ಕೊಡಲಿಲ್ಲ. ಸರಿಯಾದ ಇಲಾಖೆಗೆ ಸರಿಯಾದ ಸಮಯದಲ್ಲಿ ದನಿ ಮುಟ್ಟಿದರೆ ಕೆಲಸವಾಗುತ್ತದೆ.

ಮೊಸರಿನ ಪೊಟ್ಟಣದ ಮೇಲಿನ ಹೆಸರು

ಇದು ನಿಮಗೆ ನೆನಪಿರಬಹುದು. 2023ರ ಮಾರ್ಚ್‌ನಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮೊಸರಿನ ಪೊಟ್ಟಣದ ಮೇಲೆ "ದಹಿ" ಎಂಬ ಹೆಸರನ್ನು ಪ್ರಧಾನವಾಗಿ ಮುದ್ರಿಸಿ, ಮೊಸರು ಎಂಬುದನ್ನು ಆವರಣದೊಳಗೆ ಹಾಕಬೇಕೆಂದು ಸೂಚಿಸಿತು. ನಮ್ಮಲ್ಲಿ ಮತ್ತು ತಮಿಳುನಾಡಿನಲ್ಲಿ ವಿರೋಧ ಬಂದಿತು. ಮಾರ್ಚ್ 30ರಂದು ಪ್ರಾಧಿಕಾರ ಸೂಚನೆಯನ್ನು ಬದಲಿಸಿ, ಪ್ರಾದೇಶಿಕ ಹೆಸರನ್ನು ಆವರಣದಲ್ಲಿ ಸೇರಿಸಿ "ಕರ್ಡ್" ಎಂದು ಹಾಕಬಹುದು ಎಂದಿತು. ಈ ಪ್ರಾಧಿಕಾರ ಇರುವುದು ಆರೋಗ್ಯ ಸಚಿವಾಲಯದಡಿ. ಮೊಸರಿನಲ್ಲಿ ಜಿಡ್ಡಿನಂಶ ಎಷ್ಟಿರಬೇಕು ಎಂದು ಹೇಳುವ ಅಧಿಕಾರದ ಜೊತೆಗೆ ಅದನ್ನು ಏನೆಂದು ಕರೆಯಬೇಕು ಎಂಬ ಅಧಿಕಾರವೂ ಅಲ್ಲಿಗೇ ಹೋಗಿದೆ. ಮೊಸರಿಗೆ ಹೆಸರಿಡುವುದು ಆರೋಗ್ಯದ ವಿಷಯವೋ ಅಲ್ಲವೋ ಓದುಗರೇ ಹೇಳಬೇಕು.

ಅದೇ ಮೊಸರಿನ ಮೇಲಿನ ತೆರಿಗೆ ಮಾತ್ರ ಬೇರೊಂದು ಕಡೆ. ಸರಕು ಮತ್ತು ಸೇವಾ ತೆರಿಗೆ ಮಂಡಳಿಯಲ್ಲಿ ಕೇಂದ್ರ ಹಣಕಾಸು ಸಚಿವರು ಅಧ್ಯಕ್ಷರು, ರಾಜ್ಯಗಳ ಸಚಿವರು ಸದಸ್ಯರು. ಹಸಿ ಹಾಲಿಗೆ ಮತ್ತು ಪಾಶ್ಚರೀಕರಿಸಿದ ಹಾಲಿಗೆ ತೆರಿಗೆ ಇಲ್ಲ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಹೆಸರು ಚೀಟಿ ಹಚ್ಚಿದ ಮೊಸರು, ಮಜ್ಜಿಗೆ, ಲಸ್ಸಿಗೆ ಶೇ. 5 ಹಾಕಲಾಯಿತು. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆ, ಚೀಸ್‌ಗಳ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು.

ನಮ್ಮ ರಾಜ್ಯದಲ್ಲಿ, ನಮ್ಮ ಜಿಲ್ಲೆಯಲ್ಲಿ

ಈಗ ಹತ್ತಿರದ ವಿಷಯಕ್ಕೆ ಬರೋಣ. ನಿಮ್ಮ ಹಸುವಿನ ಆರೋಗ್ಯ, ಕೃತಕ ಗರ್ಭಧಾರಣೆ, ಲಸಿಕೆ ಇವು ರಾಜ್ಯ ಪಶುಪಾಲನಾ ಇಲಾಖೆಯವು; ಒಕ್ಕೂಟವೂ ತನ್ನ ಸಿಬ್ಬಂದಿಯ ಮೂಲಕ ಕೆಲವನ್ನು ಮಾಡುತ್ತದೆ. ಕಾಲುಬಾಯಿ ರೋಗದ ಲಸಿಕೆಗೆ 2019ರಿಂದ ಕೇಂದ್ರದ ಹಣವಿದೆ, ಆದರೆ ಸೂಜಿ ಹಿಡಿದು ಕೊಟ್ಟಿಗೆಗೆ ಬರುವವರು ರಾಜ್ಯದ ಸಿಬ್ಬಂದಿ. ಲಸಿಕೆ ಬರಲಿಲ್ಲವೆಂದು ಒಕ್ಕೂಟದ ವ್ಯವಸ್ಥಾಪಕ ನಿರ್ದೇಶಕರಿಗೆ ಬರೆಯುವ ಬದಲು ಹತ್ತಿರದ ಪಶು ಆಸ್ಪತ್ರೆಗೆ, ಅಲ್ಲಿ ಆಗದಿದ್ದರೆ ತಾಲ್ಲೂಕಿನ ಸಹಾಯಕ ನಿರ್ದೇಶಕರಿಗೆ ಬರೆಯಿರಿ. ಲೀಟರಿಗೆ ಇಷ್ಟು ಎಂದು ನಿಮ್ಮ ಬ್ಯಾಂಕ್ ಖಾತೆಗೆ ಬರುವ ಪ್ರೋತ್ಸಾಹಧನ 2008ರಲ್ಲಿ 2 ರೂ. ಆಗಿ ಆರಂಭವಾಗಿ ನಂತರದ ವರ್ಷಗಳಲ್ಲಿ 5 ರೂ.ವರೆಗೆ ಏರಿತು. ಅದು ರಾಜ್ಯ ಸರ್ಕಾರದ ಹಣ. ಸಂಘ ಕೊಡುವ ಬಟವಾಡೆ ಬೇರೆ, ಇದು ಬೇರೆ. ಪ್ರೋತ್ಸಾಹಧನ ತಡವಾದರೆ ಸಂಘದ ಕಾರ್ಯದರ್ಶಿಯೊಡನೆ ಜಗಳವಾಡಿ ಪ್ರಯೋಜನವಿಲ್ಲ. ಆದರೆ ನಿಮ್ಮ ಹೆಸರೋ, ಖಾತೆ ಸಂಖ್ಯೆಯೋ ಪಟ್ಟಿಯಲ್ಲಿ ತಪ್ಪಾಗಿದ್ದರೆ ಅದನ್ನು ಸರಿಪಡಿಸಬೇಕಾದವರು ಕಾರ್ಯದರ್ಶಿಯೇ.

ಸಂಘದ ಆಡಳಿತದ ವಿಷಯವೆಲ್ಲ ಸಹಕಾರ ಇಲಾಖೆಗೆ ಸೇರಿದ್ದು. ನೋಂದಣಿ, ಬೈಲಾ ತಿದ್ದುಪಡಿ, ಆಡಳಿತ ಮಂಡಳಿಯ ಮೇಲಿನ ದೂರು ಇವುಗಳಿಗೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯೇ ಆಧಾರ. ಸದಸ್ಯ ಮತ್ತು ಸಂಘದ ನಡುವಣ ವ್ಯಾಜ್ಯ 70ನೇ ಪ್ರಕರಣದಡಿ ನಿಬಂಧಕರ ಮುಂದೆ ಹೋಗುತ್ತದೆ. ಪೊಲೀಸ್ ಠಾಣೆಗೆ ಅಥವಾ ಸಿವಿಲ್ ನ್ಯಾಯಾಲಯಕ್ಕೆ ಓಡುವ ಮೊದಲು ಉಪವಿಭಾಗದ ಸಹಾಯಕ ನಿಬಂಧಕರ ಕಚೇರಿಯಲ್ಲಿ ವಿಚಾರಿಸಿ. ಲೆಕ್ಕಪರಿಶೋಧನೆಗೆ ಮಾತ್ರ ಪ್ರತ್ಯೇಕ ಇಲಾಖೆಯಿದೆ.

ಕೇಂದ್ರದಲ್ಲಿ ಸಹಕಾರ ಸಚಿವಾಲಯ ಬಂದಿದೆಯಲ್ಲ, ಇನ್ನು ನಮ್ಮ ದೂರನ್ನು ದೆಹಲಿಗೇ ಕಳಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಒಂದೇ ರಾಜ್ಯದೊಳಗಿನ ಸಂಘಗಳ ಮೇಲೆ ಕೇಂದ್ರಕ್ಕೆ ನೇರ ಅಧಿಕಾರವಿಲ್ಲ; ಹಲವು ರಾಜ್ಯಗಳಲ್ಲಿ ಕೆಲಸ ಮಾಡುವ ಸಂಘಗಳು ಮಾತ್ರ ಅದರ ವ್ಯಾಪ್ತಿಗೆ ಬರುತ್ತವೆ. ಈ ಗೆರೆಯನ್ನು ಸರ್ವೋಚ್ಚ ನ್ಯಾಯಾಲಯವೇ 2021ರ ಜುಲೈ 20ರಂದು ಖಚಿತಪಡಿಸಿತು. ಸಹಕಾರ ಸಂಘಗಳ ಬಗ್ಗೆ 2011ರಲ್ಲಿ ಸಂಸತ್ತು ಅಂಗೀಕರಿಸಿದ 97ನೇ ತಿದ್ದುಪಡಿಗೆ ಅರ್ಧದಷ್ಟು ರಾಜ್ಯಗಳ ಶಾಸನ ಸಭೆಗಳ ಒಪ್ಪಿಗೆ ಪಡೆದಿರಲಿಲ್ಲ ಎಂಬ ಕಾರಣಕ್ಕೆ, ರಾಜ್ಯದೊಳಗಿನ ಸಂಘಗಳಿಗೆ ಸಂಬಂಧಿಸಿದ ಭಾಗ ಊರ್ಜಿತವಲ್ಲವೆಂದು ಬಹುಮತದ ತೀರ್ಪು ಬಂದಿತು. ಹೊಸ ಸಚಿವಾಲಯ ರಚನೆಯಾಗಿ ಆಗ ಎರಡು ವಾರವಾಗಿತ್ತಷ್ಟೇ.

ಸಂಘದ ತೂಕದ ಯಂತ್ರದ ಬಗ್ಗೆ ಒಂದು ಮಾತು. ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ ಹನ್ನೆರಡು ತಿಂಗಳಿಗೊಮ್ಮೆ ಸತ್ಯಾಪನೆ ಮಾಡಿಸಿ ಮುದ್ರೆ ಹಾಕಿಸಬೇಕು. ಇದು ಕಾನೂನು ಮಾಪನಶಾಸ್ತ್ರ ಇಲಾಖೆಯ ಕೆಲಸ. ಮುದ್ರೆಯ ಪ್ರಮಾಣಪತ್ರವನ್ನು ತೋರಿಸಿರೆಂದು ಕೇಳುವುದು ಸದಸ್ಯರ ಹಕ್ಕು. ಹಾಗೆ ಕೇಳಿದರೆ ಕಾರ್ಯದರ್ಶಿಗಳು ಬೇಸರಪಡಬೇಕಿಲ್ಲ.

ಆಹಾರ ಸುರಕ್ಷತೆಯ ನೋಂದಣಿ ನನಗೂ ಬೇಕೇ ಎಂಬುದು ಈಚೆಗೆ ಹಲವರ ಪ್ರಶ್ನೆ. ಪರವಾನಗಿ ನಿಯಮಗಳಲ್ಲೇ ಇದಕ್ಕೆ ಉತ್ತರವಿದೆ. ನೋಂದಾಯಿತ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯನಾಗಿದ್ದು, ತನ್ನ ಎಲ್ಲ ಹಾಲನ್ನೂ ಸಂಘಕ್ಕೇ ಹಾಕುವ ಉತ್ಪಾದಕನಿಗೆ ನೋಂದಣಿಯಿಂದ ವಿನಾಯಿತಿ ಇದೆ. ಅಲ್ಲಿರುವ "ಎಲ್ಲ ಹಾಲನ್ನೂ" ಎಂಬ ಮಾತನ್ನು ಗಮನಿಸಿ. ಬೆಳಗಿನ ಹಾಲನ್ನು ಸಂಘಕ್ಕೆ ಹಾಕಿ ಸಂಜೆಯ ಹಾಲನ್ನು ಹೋಟೆಲಿಗೆ ಮಾರುವವರಿಗೆ ಈ ವಿನಾಯಿತಿ ಸಿಗದು. ಇಂಥ ಸಂದೇಹಗಳಿಗೆ ಜಿಲ್ಲೆಯ ಅಂಕಿತ ಅಧಿಕಾರಿಯವರನ್ನು ಕಾಣಬೇಕು.

ಒಕ್ಕೂಟವೇ ಹೊಸ ಪುಡಿ ಘಟಕ ಅಥವಾ ಡೇರಿ ಕಟ್ಟುವಾಗ ಇನ್ನೂ ಒಂದು ಸಾಲು ಇಲಾಖೆಗಳು ಸೇರಿಕೊಳ್ಳುತ್ತವೆ: ಜಮೀನಿಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಅಥವಾ ಕಂದಾಯ ಇಲಾಖೆ, ಕೊಳಕು ನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿ, ಕಾರ್ಖಾನೆ ಮತ್ತು ಬಾಯ್ಲರುಗಳಿಗೆ ಕಾರ್ಮಿಕ ಇಲಾಖೆಯ ವಿಭಾಗ, ವಿದ್ಯುತ್ತಿಗೆ ಎಸ್ಕಾಂ. ಇವೆಲ್ಲವನ್ನೂ ಒಂದೇ ಕಿಟಕಿಯಲ್ಲಿ ತರಲೆಂದು ರಾಜ್ಯದಲ್ಲಿ 2002ರ ಕೈಗಾರಿಕೆಗಳ ಸೌಲಭ್ಯ ಕಾಯ್ದೆ ಬಂದಿದೆ. ಹೊಸ ಘಟಕ ಯಾಕೆ ತಡವಾಗುತ್ತಿದೆ ಎಂದು ಮಹಾಸಭೆಯಲ್ಲಿ ಕೇಳುವಾಗ, ಯಾವ ಇಲಾಖೆಯ ಒಪ್ಪಿಗೆ ಬಾಕಿ ಇದೆ ಎಂದೂ ಕೇಳಿ. ಉತ್ತರ ಸ್ಪಷ್ಟವಾಗಿ ಬರುತ್ತದೆ.

ಗ್ರಾಹಕರಿಗೆ ಮಾರುವ ಹಾಲಿನ ದರದ ವಿಷಯ ವಿಚಿತ್ರವಾಗಿದೆ. ನಿಮಗೆ ಕೊಡುವ ಖರೀದಿ ದರವನ್ನು ಒಕ್ಕೂಟದ ಆಡಳಿತ ಮಂಡಳಿ ತೀರ್ಮಾನಿಸುತ್ತದೆ. ಮಾರಾಟದ ದರವನ್ನು ಮಹಾಮಂಡಳ ಪ್ರಸ್ತಾಪಿಸಿ ಸರ್ಕಾರದ ಒಪ್ಪಿಗೆ ಪಡೆಯುವುದು ರೂಢಿ. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂ. ಹೆಚ್ಚಿಸಿದಾಗ ತೀರ್ಮಾನ ಆದದ್ದು ರಾಜ್ಯ ಸಚಿವ ಸಂಪುಟದಲ್ಲಿ. ಕೊಳ್ಳುವ ದರ ಒಬ್ಬರ ಕೈಯಲ್ಲಿ, ಮಾರುವ ದರ ಇನ್ನೊಬ್ಬರ ಕೈಯಲ್ಲಿ ಇದ್ದರೆ ನಡುವೆ ನಿಲ್ಲುವ ಒಕ್ಕೂಟದ ಪಾಡು ಹೇಗಿರುತ್ತದೆಂದು ಊಹಿಸಬಹುದು.

ಅರ್ಜಿ ಬರೆಯುವಾಗ

ಒಂದು ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ. ಲಸಿಕೆ, ಪ್ರೋತ್ಸಾಹಧನ, ಸಂಘದ ಚುನಾವಣೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದರೆ ಆ ಹಾಳೆ ಮೂರು ಇಲಾಖೆಗಳ ನಡುವೆ ಓಡಾಡುತ್ತಲೇ ಇರುತ್ತದೆ. ಸಂಘದ ಹೆಸರು, ನೋಂದಣಿ ಸಂಖ್ಯೆ, ನಿಮ್ಮ ಸದಸ್ಯತ್ವ ಸಂಖ್ಯೆ, ದಿನಾಂಕ ತಪ್ಪದೆ ಹಾಕಿ, ಸ್ವೀಕೃತಿ ಪಡೆಯಿರಿ.

ಸಂಘದ ದಾಖಲೆಯೊಂದು ಮಾಹಿತಿ ಹಕ್ಕಿನಡಿ ಬೇಕೆಂದಾದರೆ ಸಹಕಾರ ಸಂಘಗಳ ನಿಬಂಧಕರ ಕಚೇರಿಗೆ ಅರ್ಜಿ ಹಾಕುವುದು ಲೇಸು. ಎಲ್ಲ ಸಹಕಾರ ಸಂಘಗಳೂ ತಾವಾಗಿಯೇ ಸಾರ್ವಜನಿಕ ಪ್ರಾಧಿಕಾರಗಳಲ್ಲ, ಆದರೆ ನಿಬಂಧಕರು ಪ್ರಾಧಿಕಾರವೇ, ಮತ್ತು ಕಾನೂನಿನಂತೆ ಅವರು ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಕೊಡಬೇಕಾಗುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 2013ರ ಅಕ್ಟೋಬರ್‌ನಲ್ಲಿ ಹೇಳಿದೆ. ಇನ್ನು ಸರ್ಕಾರಿ ಕಚೇರಿಯೊಂದಕ್ಕೆ ಮಾಹಿತಿ ಕೇಳಿ ಬರೆದಾಗ ಇಲಾಖೆ ತಪ್ಪಾಗಿದ್ದರೂ ಗಾಬರಿ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯ 6(3)ನೇ ಪ್ರಕರಣದಂತೆ ಆ ಕಚೇರಿಯವರು ನಿಮ್ಮ ಅರ್ಜಿಯನ್ನು ಹಿಂದಿರುಗಿಸುವಂತಿಲ್ಲ. ಐದು ದಿನಗಳೊಳಗೆ ಅದನ್ನು ಸಂಬಂಧಪಟ್ಟ ಇಲಾಖೆಗೆ ತಾವೇ ವರ್ಗಾಯಿಸಿ, ಎಲ್ಲಿಗೆ ಕಳಿಸಿದ್ದೇವೆಂದು ನಿಮಗೆ ಪತ್ರ ಬರೆಯಬೇಕು. ಆ ಪತ್ರವನ್ನು ಜೋಪಾನವಾಗಿಡಿ, ಮುಂದಿನ ಸಲ ಯಾವ ವಿಳಾಸಕ್ಕೆ ಬರೆಯಬೇಕೆಂಬುದು ಅದರಲ್ಲೇ ಇರುತ್ತದೆ.